ಪುಕ್ಕಲ ಮೊದಲು, ಪುಂಡ ಕೊನೆಗೆ

ಜನವರಿ 9

ಅಕ್ಕನಿಗೆ,

ಒಂದು ಸುದ್ದಿ ಇದೆ, ಕೇಳಿದರೆ ನಗುತ್ತೀಯ. ಜೈಲಿನಲ್ಲೂ ನನಗೆ ಮೀನಿನ ಕೆಲಸವೇ ಗಂಟುಬಿದ್ದಿದೆ.

ಇಲ್ಲಿ ಭೇಟಿ ಕೋಣೆ ಅಂತ ಒಂದಿದೆ. ಹಸಿರು ಗೋಡೆ, ನೆಲಕ್ಕೆ ಬೋಲ್ಟು ಹಾಕಿದ ಒಂಬತ್ತು ಮೇಜು, ಕೈಗೆಟುಕದ ಎತ್ತರದಲ್ಲಿ ಒಂದು ಕಿಟಕಿ. ಭಾನುವಾರ ಮಕ್ಕಳು ಅಪ್ಪಂದಿರನ್ನು ನೋಡಲು ಬರುತ್ತಾರೆ. ಐದು ನಿಮಿಷಕ್ಕೆ ಮಾತು ಮುಗಿಯುತ್ತದೆ, ಆಮೇಲೆ ಅಳು. ವಾರಕ್ಕೊಮ್ಮೆ ಹಲ್ಲು ಕೀಳಲು ಬರುವ ಡಾಕ್ಟರು ಅದನ್ನು ನೋಡಲಾರದೆ ತಮ್ಮ ಕ್ಲಿನಿಕ್ಕಿನ ಟ್ಯಾಂಕನ್ನೇ ತಂದು ಇಟ್ಟಿದ್ದಾರೆ. ನೂರು ಲೀಟರ್ ಉಪ್ಪುನೀರು, ಬಿಳಿ ಮರಳು, ಹನ್ನೆರಡು ಕೆಜಿ ಹಳೇ ಕಲ್ಲು, ಅದರ ಮೇಲೆ ಅಂಗಿ ಗುಂಡಿಯಷ್ಟು ಅಗಲದ ಮೂರು ಹವಳ. ಮೀನು ಮಾತ್ರ ಒಂದೂ ಇಲ್ಲ. ಜೈಲಿನ ಸಾಹೇಬರು ನಮ್ಮನ್ನು ಸಾಲಿನಲ್ಲಿ ನಿಲ್ಲಿಸಿ, "ಮೀನು ಸಾಕೋದು ಯಾರಿಗ್ರಪ್ಪಾ ಗೊತ್ತು?" ಅಂದಾಗ ನಾನು ಕೈ ಎತ್ತಲಿಲ್ಲ. ಪಕ್ಕದವನು ನನ್ನ ಕೈ ಹಿಡಿದು ಎತ್ತಿದ.

ಈಗ ದಿನಕ್ಕೆ ಎರಡು ಗಂಟೆ ಆ ಕೋಣೆಯಲ್ಲಿರಲು ಅಪ್ಪಣೆ. ನಲವತ್ತು ಜನರ ಬ್ಯಾರಕ್ಕಿನಿಂದ ಬಂದವನಿಗೆ ಪಂಪಿನ ಗುಂಯ್ ಅನ್ನುವ ಸದ್ದು ಸಾಕು, ಮೈ ಹಗುರ ಆಗುತ್ತದೆ.

ಅಪ್ಪನ ಕಾಲದ ಹಾಗೆ ಒಂದು ಸಂಸಾರದ ಪಟ್ಟಿ ಬರೆದು ಕಳಿಸು. ಯಾವುದು ಯಾವುದರ ಜೊತೆ, ಯಾವುದು ಮೊದಲು. ಫೋನಿನಲ್ಲಿ ಕೇಳೋಣವೆಂದರೆ ಸಿಗುವುದು ಐದು ನಿಮಿಷ, ಬೆನ್ನ ಹಿಂದೆ ಇಪ್ಪತ್ತು ಜನ. ಮೀನಿನ ಮಾತು ಅಷ್ಟರಲ್ಲಿ ಮುಗಿಯುತ್ತದೆಯೇ?

ನಿನ್ನ ತಮ್ಮ


ಜನವರಿ 18

ಮೊಂಡನಿಗೆ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಗಿರಾಕಿಯೊಬ್ಬ ಎರಡು ಸಲ ಕೆಮ್ಮಿದ, ಕೆಮ್ಮಲಿ ಅಂತ ಬಿಟ್ಟೆ. ನಕ್ಕೆ, ಆಮೇಲೆ ಒಳಗೆ ಹೋಗಿ ಅತ್ತೂ ಬಿಟ್ಟೆ. ಐದು ವರ್ಷದಲ್ಲಿ ನೀನು ಒಂದು ಪುಟ ತುಂಬ ಬರೆದದ್ದು ಇದೇ ಮೊದಲು.

ಸಂಸಾರದ ಪಟ್ಟಿ ಇಲ್ಲದೆ ಅಪ್ಪ ಯಾರಿಗೂ ಮೀನು ಕೊಟ್ಟವರಲ್ಲ. ಮನೆಯಲ್ಲಿ ಈಗ ಯಾರ್ಯಾರಿದ್ದಾರೆ ಬರೆದು ತನ್ನಿ ಅಂತ ಗಿರಾಕಿಯನ್ನು ವಾಪಸ್ ಅಟ್ಟುತ್ತಿದ್ದರು, ನೆನಪಿದೆಯಲ್ಲ? ನಾನೂ ಹಾಗೇ ಮಾಡುತ್ತೇನೆ. ಊರೆಲ್ಲ ನನಗೆ ಮೀನಿನ ಮದುವೆ ದಲ್ಲಾಳಿ ಅನ್ನುತ್ತದೆ.

ನೂರು ಲೀಟರಿಗೆ ನಾಲ್ಕೇ ಮೀನು, ಐದನೆಯದು ಬೇಡ. ಪುಕ್ಕಲ ಮೊದಲು, ಪುಂಡ ಕೊನೆಗೆ. ಮೊದಲು ಬಂದವನು ಇಡೀ ಮನೆ ನನ್ನದೇ ಅಂದುಕೊಳ್ಳುತ್ತಾನೆ, ಅದಕ್ಕೇ ಹೆದರುಪುಕ್ಕಲನಿಗೆ ಮೂಲೆ ಹಿಡಿಯಲು ಎರಡು ವಾರ ಬಿಡಬೇಕು. ಆದ್ದರಿಂದ ಮೊದಲು ಫೈರ್‌ಫಿಶ್, ಒಂದೇ. ಬಾಲದ ಕಡೆ ಕೆಂಡದ ಬಣ್ಣ, ಗುಂಡಿಗೆ ಮಾತ್ರ ಗುಬ್ಬಿಯದು. ಬೆದರಿದರೆ ನೀರಿನಿಂದಲೇ ಹಾರುತ್ತದೆ, ಬಲೆ ಮುಚ್ಚಳ ಒಂದು ಗಳಿಗೆಯೂ ತೆಗೆಯಬೇಡ. ಅದರ ಜೊತೆಗೇ ಗೋಬಿ ಮೀನು, ಗೋಬಿಯ ಗೆಳೆಯ ಸೀಗಡಿ. ಸೀಗಡಿಗೆ ಕಣ್ಣು ಮಂದ, ಅದು ಬಿಲ ತೋಡುತ್ತದೆ. ಗೋಬಿ ಬಾಗಿಲಲ್ಲಿ ಕೂತು ಕಾಯುತ್ತದೆ. ಕೊನೆಗೆ ಕ್ಲೌನ್ ಮೀನಿನ ಜೋಡಿ, ಮಕ್ಕಳಿಗೆ ಅದೇ ಬೇಕಲ್ಲ. ಡಬ್ಬಿ ಕಟ್ಟಿ ಎರಡು ಕಂತಿನಲ್ಲಿ ಬಸ್ಸಿಗೆ ಹಾಕುತ್ತೇನೆ.

ನಾನೇ ಬರಬೇಕು ಅನ್ನಿಸುತ್ತದೆ. ಆದರೆ ಹೋಗಿ ಬರಲು ಎರಡು ದಿನ, ನಡುವೆ ಕರೆಂಟು ಹೋದರೆ ಹದಿನೆಂಟು ಟ್ಯಾಂಕು ಯಾರು ನೋಡುತ್ತಾರೆ? ಈ ಅಂಗಡಿಯೂ ಒಂದು ಸೆರೆಮನೆಯೇ.

ಅಸಲು ಮಾತು. ಗಾಡಿ ಕೇಸಿಗೆ ನಿನಗೆ ಬಿದ್ದದ್ದು ಏಳು ವರ್ಷ, ಐದು ಮುಗಿದಿದೆ. ಒಳ್ಳೆ ನಡತೆಯವರನ್ನು ಮೊದಲೇ ಬಿಡುವ ಸಮಿತಿ ಮಾರ್ಚ್ ಇಪ್ಪತ್ತಕ್ಕೆ ಕೂರುತ್ತದೆ ಅಂತ ವಕೀಲರು ಹೇಳಿದರು. ನಿನ್ನ ಹೆಸರು ಹೋಗಿದೆಯಾ? ಈ ಪತ್ರವನ್ನು ನಿನಗಿಂತ ಮೊದಲು ಓದುವ ಆಫೀಸಿನವರೂ ಸ್ವಲ್ಪ ಕಿವಿಗೆ ಹಾಕಿಕೊಳ್ಳಲಿ.

ಅಕ್ಕ


ಫೆಬ್ರವರಿ 14

ಅಕ್ಕನಿಗೆ,

ಎಲ್ಲ ಬಂದವು, ಎಲ್ಲ ಬದುಕಿವೆ. ಮೊದಲ ಡಬ್ಬಿಯನ್ನು ಗೇಟಿನಲ್ಲಿ ಬಿಚ್ಚಿ, ಚೀಲವನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ತಪಾಸಣೆ ಮಾಡಿದರು. ಫೈರ್‌ಫಿಶ್ ಒಂದು ಇಡೀ ದಿನ ಕಲ್ಲಿನ ಸಂದಿಯಿಂದ ಹೊರಗೆ ಬರಲಿಲ್ಲ. ನೀನೂ ಇಲ್ಲಿಗೆ ಬಂದ ವಾರ ಹಾಗೇ ಇದ್ದೆ ಅಂತ ಪಕ್ಕದವನು ಹೇಳಿದ.

ಈಗ ಭಾನುವಾರ ಮಕ್ಕಳು ಬಂದವರೇ ಟ್ಯಾಂಕಿಗೆ ಮೂಗು ಒತ್ತುತ್ತಾರೆ. ಒಬ್ಬಳು ಹುಡುಗಿ ಗೋಬಿಯ ಕಾವಲು ಕೆಲಸವನ್ನು ಅವರಪ್ಪನಿಗೆ ಅರ್ಧ ಗಂಟೆ ವಿವರಿಸಿದಳು. ನನ್ನನ್ನು "ಮೀನಿನ ಮೇಷ್ಟ್ರೇ" ಅಂತ ಕರೆಯುತ್ತಾರೆ. ಸಾಹೇಬರ ಬಾಯಲ್ಲೂ ನಾನು "ನೀನು" ಹೋಗಿ "ನೀವು" ಆಗಿದ್ದೇನೆ. ಇದನ್ನು ಬರೆಯಲು ನಾಚಿಕೆ, ಆದರೆ ಖುಷಿಯಾಗುತ್ತದೆ ಅಕ್ಕ.

ಸಮಿತಿಯ ವಿಷಯ ಎತ್ತಿದೆ. ಸಾಹೇಬರು ಟ್ಯಾಂಕಿನ ಕಡೆ ಕೈ ತೋರಿಸಿ, "ನೀವು ಹೋದ್ರೆ ಇದರ ಗತಿ ಏನ್ರೀ?" ಅಂದರು. ನಕ್ಕರು. ಆದರೂ ಅವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುವುದಿಲ್ಲ. ಅವರ ಕೈಯಲ್ಲೇ ಎಲ್ಲ ಇರುವುದು. ನೀನು ಹೆಚ್ಚು ಆಸೆ ಇಟ್ಟುಕೊಳ್ಳಬೇಡ.

ಎದುರಿನ ಗಡಿಯಾರದ ಅಂಗಡಿ ಈಗಲೂ ತೆರೆಯುತ್ತಾರಾ?

ತಮ್ಮ


ಫೆಬ್ರವರಿ 20

ಮೊಂಡನಿಗೆ,

ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದೆ. ನಾಲ್ಕು ಮೀನಿಗಾಗಿ ಒಬ್ಬ ಮನುಷ್ಯನನ್ನು ಕೂಡಿಹಾಕುವುದಾ? ನಾನೇ ಮೀನು ಕಳಿಸಿ ನಾನೇ ನಿನ್ನ ಬಾಗಿಲಿಗೆ ಬೀಗ ಹಾಕಿದ ಹಾಗಾಯಿತು. ಸಾಹೇಬರು ಇದನ್ನು ಓದುವುದಾದರೆ ಓದಲಿ, ನಾನೇನೂ ಹೆದರುವುದಿಲ್ಲ. ಸ್ವಾಮೀ, ನಿಮಗೆ ಮೀನು ಬೇಕಾದರೆ ಹತ್ತು ಕಳಿಸುತ್ತೇನೆ, ನನ್ನ ತಮ್ಮನನ್ನು ಕಳಿಸಿಕೊಡಿ.

ಕೋಪ ಮಾಡಿ ಕೆಲಸವಾಗುವುದಿಲ್ಲ, ಗೊತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ಹೀಗೆ ಮಾಡು. ಆ ಟ್ಯಾಂಕು ನೀನಿಲ್ಲದೆ ನಡೆಯಬೇಕು. ನಾನು ಆರಿಸಿ ಕೊಟ್ಟಿರುವ ಸಂಸಾರ ಜಗಳವಿಲ್ಲದ್ದು, ಅದನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು. ದಿನಕ್ಕೊಂದು ಚಿಟಿಕೆ ಆಹಾರ, ಆರಿಹೋದಷ್ಟು ಸಿಹಿನೀರು, ವಾರಕ್ಕೊಮ್ಮೆ ಹತ್ತು ಲೀಟರ್ ಉಪ್ಪುನೀರು ಬದಲು. ಕಾವಲಿನವರಲ್ಲಿ ಕೈ ನಡುಗದ ಒಬ್ಬರನ್ನು ಹಿಡಿದು ಕಲಿಸು. ಹದಿನೈದು ದಿನ ನೀನು ಕೈ ಕಟ್ಟಿಕೊಂಡು ನಿಲ್ಲು, ಅವರು ಮಾಡಲಿ. ಸಾಹೇಬರು ಕಣ್ಣಾರೆ ನೋಡಲಿ. ಮಾರ್ಚ್ ಇಪ್ಪತ್ತಕ್ಕೆ ಮುಂಚೆ ಇಷ್ಟಾದರೆ ಅವರಿಗೆ ನೆಪ ಉಳಿಯುವುದಿಲ್ಲ.

ಮಹಡಿ ಕೋಣೆಯಿಂದ ಉಪ್ಪಿನ ಮೂಟೆಗಳನ್ನೆಲ್ಲ ಕೆಳಗೆ ಇಳಿಸಿದ್ದೇನೆ. ಮಂಚ ಬಂದಿದೆ. ಕಿಟಕಿ ದೊಡ್ಡದು, ಬೀದಿ ಪೂರ್ತಿ ಕಾಣುತ್ತದೆ.

ಎದುರಿನವರು ಅವರ ಪಾಡಿಗೆ ಇದ್ದಾರೆ. ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ಅಕ್ಕ


ಮಾರ್ಚ್ 3

ಅಕ್ಕನಿಗೆ,

ಸುದ್ದಿ ಒಳ್ಳೆಯದಲ್ಲ. ಸಾಹೇಬರು ನೀಲಿ ಬಣ್ಣದ್ದು ಒಂದು ಇರಲಿ ಅಂದರು. ಡಾಕ್ಟರು ನೀಲಿ ಡ್ಯಾಮ್ಸೆಲ್ ಮೀನು ತಂದರು, ಬಿಟ್ಟೆ. ಎರಡೇ ದಿನಕ್ಕೆ ಅದು ನಡುವಿನ ಕಲ್ಲನ್ನು ಹಿಡಿದುಕೊಂಡು ಎಲ್ಲರನ್ನೂ ಅಟ್ಟಾಡಿಸುತ್ತಿದೆ. ಬೆಳಕು ಸಾಲದು ಅಂತ ಬಲೆ ಮುಚ್ಚಳ ತೆಗೆದಿದ್ದೆ. ಮೊನ್ನೆ ಬೆಳಿಗ್ಗೆ ಫೈರ್‌ಫಿಶ್ ನೆಲದ ಮೇಲೆ ಒಣಗಿ ಬಿದ್ದಿತ್ತು. ಕ್ಲೌನಿನ ಬಾಲ ಹರಿದಿದೆ.

ಕಲಿಸಲು ಹಿಡಿದ ಕಾವಲಿನವರಿಗೆ ಉಪ್ಪಿನ ಅಳತೆ ಹತ್ತುವುದಿಲ್ಲ, ಬೇಡ ಅಂದುಬಿಟ್ಟೆ. ಈ ಸ್ಥಿತಿಯಲ್ಲಿ ಟ್ಯಾಂಕನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಈ ಸಲದ ಸಮಿತಿ ಆಗಲಿಕ್ಕಿಲ್ಲ. ಸೆಪ್ಟೆಂಬರಿಗೆ ನೋಡೋಣ.

ತಮ್ಮ


ಮಾರ್ಚ್ 8

ತಮ್ಮನಿಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಾಹೇಬರನ್ನು ಶಪಿಸಿದೆ. ಎರಡನೇ ಸಲ ಫೈರ್‌ಫಿಶ್‌ಗಾಗಿ ಮರುಗಿದೆ. ಮೂರನೇ ಸಲ ಓದುವಾಗ ಹಳೆಯದೊಂದು ನೆನಪಾಯಿತು.

ನೀನು ಹತ್ತು ವರ್ಷದವನಾಗಿದ್ದಾಗ, ಸಣ್ಣ ಟ್ಯಾಂಕಿಗೆ ಡ್ಯಾಮ್ಸೆಲ್ ಕೇಳಿದ ಬ್ಯಾಂಕಿನವರನ್ನು ಅಪ್ಪನಿಗಿಂತ ಮೊದಲು ನೀನೇ ವಾಪಸ್ ಕಳಿಸಿದ್ದೆ. "ಇದನ್ನ ಬಿಡೋದು ಸುಲಭ ಸಾರ್, ಹಿಡೀಬೇಕಾದ್ರೆ ಅಷ್ಟೂ ಕಲ್ಲು ಹೊರಗೆ ತೆಗೀಬೇಕು" ಅಂದಿದ್ದೆ. ಅಪ್ಪ ಅದನ್ನು ವರ್ಷಗಟ್ಟಲೆ ಎಲ್ಲರಿಗೂ ಹೇಳಿಕೊಂಡು ಮೆರೆದರು. ಅಂಥವನು ಡ್ಯಾಮ್ಸೆಲ್ ಬಿಡುತ್ತಾನೆ. ಅದೂ ಮುಚ್ಚಳ ತೆಗೆದು ಬಿಡುತ್ತಾನೆ. ಕಲಿಯಲು ಬಂದವನನ್ನು ಬೇಡ ಅನ್ನುತ್ತಾನೆ. ಒಂದು ತಪ್ಪಾಗಿದ್ದರೆ ತಪ್ಪು ಅನ್ನುತ್ತಿದ್ದೆ. ಮೂರೂ ಒಂದೇ ವಾರದಲ್ಲಿ, ಸಮಿತಿ ಕೂರುವ ಮುಂಚೆ. ನನ್ನ ಕಿವಿಗೆ ಹೂ ಇಡಬೇಡ. ನೀನು ಬೇಕೆಂದೇ ಆ ಟ್ಯಾಂಕನ್ನು ಕೆಡಿಸಿದ್ದೀಯ.

ಸಾಹೇಬರು ನಿನ್ನನ್ನು ಹಿಡಿದಿಟ್ಟಿಲ್ಲ, ಅಲ್ಲವಾ? ನೀನೇ ಬರುತ್ತಿಲ್ಲ.

ಯಾಕೆ ಅಂತ ಬರೆ. ಮೀನಿನ ಮಾತು ಬೇಡ. ಹನ್ನೆರಡು ದಿನ ಇದೆ.


ಮಾರ್ಚ್ 14

ಅಕ್ಕ,

ಹೌದು.

ಸಮಿತಿಗೆ ಕೊಡಬೇಕಾದ ಅರ್ಜಿ ಡಿಸೆಂಬರಿನಿಂದ ನನ್ನ ಹತ್ತಿರವೇ ಇದೆ. ಹಾಸಿಗೆಯ ಕೆಳಗೆ, ನಾಲ್ಕಾಗಿ ಮಡಚಿ. ಒಂದೇ ಪುಟ. ಬಿಡುಗಡೆಯಾದ ಮೇಲೆ ಯಾರ ಮನೆ, ಯಾವ ಬೀದಿ, ಅಂತ ಕೇಳಿದ್ದಾರೆ. ಆ ಸಾಲಿನ ತನಕ ತುಂಬಿದ್ದೇನೆ. ನಿನ್ನ ಫೆಬ್ರವರಿ ಪತ್ರವನ್ನು ಸಾಹೇಬರು ಓದಿದ್ದಾರೆ. ನಿನ್ನೆ ಕರೆಸಿ, "ನಿಮ್ಮಕ್ಕ ನನಗೆ ಸರಿಯಾಗಿ ಮಂಗಳಾರತಿ ಮಾಡಿದ್ದಾರೆ. ನಾನ್ಯಾವಾಗ್ರೀ ನಿಮ್ಮನ್ನ ಹಿಡ್ಕೊಂಡೆ? ಅರ್ಜಿ ಎಲ್ಲಿದೆ ಅಂತ ನೀವು ಹೇಳ್ತೀರೋ, ನಾನು ಹೇಳ್ಲೋ?" ಅಂದರು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ನಿಂತಿದ್ದೆ. ನೀಲಿ ಮೀನನ್ನು ಅವರು ಕೇಳಿರಲಿಲ್ಲ. ನಾನೇ ಡಾಕ್ಟರಿಗೆ ಹೇಳಿ ತರಿಸಿದೆ. ಫೈರ್‌ಫಿಶ್ ಸಾಯಲಿ ಅಂತಿರಲಿಲ್ಲ ಅಕ್ಕ, ಟ್ಯಾಂಕಿಗೆ ನಾನು ಬೇಕಾಗಲಿ ಅಂತ ಮಾತ್ರ ಇತ್ತು.

ನೀನು ಕಿಟಕಿಯಿಂದ ಬೀದಿ ಪೂರ್ತಿ ಕಾಣುತ್ತದೆ ಅಂತ ಬರೆದೆಯಲ್ಲ, ಆ ಸಾಲು ಓದಿದ ದಿನವೇ ಡಾಕ್ಟರಿಗೆ ಹೇಳಿದ್ದು.

ಆ ದಿನದ ಒಂದು ವಿಷಯವನ್ನು ಕೋರ್ಟಿನಲ್ಲಿ ಹೇಳಿಲ್ಲ, ನಿನಗೂ ಹೇಳಿಲ್ಲ. ವಿಮಾನದಲ್ಲಿ ಬಂದ ಮೀನಿನ ಡಬ್ಬಿಗಳನ್ನು ಹೇರಿಕೊಂಡು ಬರುತ್ತಿದ್ದೆ, ಎರಡು ಗಂಟೆ ತಡವಾಗಿತ್ತು. ತಿರುವಿನಲ್ಲಿ ಗಾಡಿಗೆ ಏನೋ ತಗಲಿತು. ಮನುಷ್ಯ ಅಂತ ಗೊತ್ತಾಯಿತು, ಯಾರು ಅಂತ ಗೊತ್ತಾಗಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಬಿದ್ದವರು ಕೈ ಎತ್ತಿದರು. ನಿಲ್ಲು ಅನ್ನುವ ಹಾಗೆ. ಬದುಕಿದ್ದಾರೆ, ಹಿಂದೆ ಬರುವವರು ನೋಡಿಕೊಳ್ಳುತ್ತಾರೆ, ಚೀಲದಲ್ಲಿ ಗಾಳಿ ಮುಗಿಯುತ್ತಿದೆ, ಅಂದುಕೊಂಡೆ. ಅಂಗಡಿಗೆ ಬಂದು ಚೀಲಗಳನ್ನೆಲ್ಲ ನೀರಿಗೆ ಬಿಟ್ಟೆವು. ನೀನು "ಎಷ್ಟು ಸತ್ವು?" ಅಂದೆ. ನಾನು "ಒಂದೂ ಇಲ್ಲ" ಅಂದೆ. ಆಮೇಲೆ ಬೀದಿಯಲ್ಲಿ ಕೂಗು ಕೇಳಿಸಿತು. ಸತ್ತವರು ಎದುರಿನ ಗಡಿಯಾರ ರಿಪೇರಿಯವರು ಅಂತ ಆಗ ತಿಳಿಯಿತು. ಚಿಕ್ಕವನಿದ್ದಾಗ ನನಗೆ ಮುಳ್ಳು ನೋಡಲು ಕಲಿಸಿದವರು.

ಅವರ ಹೆಂಡತಿಯ ಎದುರು, ಆ ಅಮ್ಮನ ಎದುರು ದಿನಾ ಬಾಗಿಲು ತೆರೆದು ಕೂರಲು ನನ್ನಿಂದ ಆಗುವುದಿಲ್ಲ. ಇಲ್ಲಿ ಗೋಡೆ ಇದೆ. ನನಗೆ ಗೋಡೆ ಬೇಕು.

ತಮ್ಮ


ಮಾರ್ಚ್ 19

ತಮ್ಮಾ,

ನಾಳೆ ಸಮಿತಿ. ಇದು ನಿನ್ನ ಕೈ ಸೇರುವಾಗ ಮುಗಿದಿರುತ್ತದೆ. ಆದ್ದರಿಂದ ನಿನ್ನನ್ನು ಒಪ್ಪಿಸಲು ಬರೆಯುತ್ತಿಲ್ಲ, ನನ್ನ ಎದೆ ಹಗುರವಾಗಲಿ ಅಂತ ಬರೆಯುತ್ತಿದ್ದೇನೆ.

ಆ ದಿನ ನಿನಗೆ ನಾಲ್ಕು ಸಲ ಫೋನ್ ಮಾಡಿದವಳು ನಾನು. "ಬೇಗ ಬಾ, ಎಲ್ಲಾ ಸಾಯುತ್ತೆ, ಎಲ್ಲೂ ನಿಲ್ಲಿಸ್ಬೇಡ" ಅಂದವಳು ನಾನು. ನೀನು ಕೋರ್ಟಿನಲ್ಲಿ ಯಾರ ಫೋನೂ ಬಂದಿರಲಿಲ್ಲ ಅಂದೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಬಾಯಿ ಮುಚ್ಚಿಕೊಂಡೆ. ನನ್ನ ಪಾಲನ್ನೂ ನೀನೇ ಹೊತ್ತುಕೊಂಡು ಒಳಗೆ ಹೋದೆ. ಅದನ್ನು ಒಂದು ಪತ್ರದಲ್ಲೂ ನಾವಿಬ್ಬರೂ ಬರೆಯಲಿಲ್ಲ.

ಎದುರಿನವರು ಅವರ ಪಾಡಿಗೆ ಇದ್ದಾರೆ ಅಂದೆನಲ್ಲ, ಸುಳ್ಳು. ನಮ್ಮ ಓಣಿ ಎಷ್ಟು ಅಗಲ ಅಂತ ನಿನಗೆ ಗೊತ್ತು, ಎರಡು ಕೊಡೆ ಒಟ್ಟಿಗೆ ಹೋಗಲಾರವು. ಗಡಿಯಾರದಮ್ಮ ದಿನಾ ಬೆಳಿಗ್ಗೆ ತಮ್ಮ ಅಂಗಡಿ ಗುಡಿಸಿ ಆ ಕಸವನ್ನು ನಮ್ಮ ಮೆಟ್ಟಿಲಿಗೆ ತಂದು ತಳ್ಳುತ್ತಾರೆ. ಐದು ವರ್ಷದಿಂದ ದಿನಾ ನಾನು ಅದನ್ನು ಎತ್ತುತ್ತೇನೆ. ಅವರು ಒಂದು ಮಾತು ಬೈದಿಲ್ಲ, ನಾನು ಒಂದು ಮಾತು ಕೇಳಿಲ್ಲ. ನಿನಗೆ ಗೋಡೆಯಾದರೂ ಇದೆ. ನಾನು ಗಾಜಿನ ಬಾಗಿಲ ಹಿಂದೆ, ಅವರ ಕಣ್ಣೆದುರಿಗೇ ಶಿಕ್ಷೆ ಅನುಭವಿಸುತ್ತಿದ್ದೇನೆ. ನನಗೆ ಯಾವ ಸಮಿತಿಯೂ ಇಲ್ಲ. ನನಗೆ ನಿನ್ನ ಮೇಲೆ ಕೋಪ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ.

ಕಳೆದ ತಿಂಗಳು ಮೊದಲ ಸಲ ಅವರು ನಮ್ಮ ಬಾಗಿಲಿಗೆ ಬಂದರು. ಮಂಚ ಒಳಗೆ ಹೋದದ್ದನ್ನು ನೋಡಿದ್ದರು. "ಅವನು ಬರ್ತಾನಾ?" ಅಂದರು. ಗೊತ್ತಿಲ್ಲಮ್ಮ ಅಂದೆ. "ಬಂದ್ರೆ ಒಂದು ಕೇಳೋದಿದೆ. ಇವ್ರು ಬಿದ್ದಾಗ ಜೀವ ಇತ್ತಾ, ಏನಾದ್ರೂ ಹೇಳೋಕೆ ನೋಡಿದ್ರಾ ಅಂತ. ಬೇರೆ ಯಾರನ್ನ ಕೇಳ್ಲಿ?" ಅಂದರು. ನಾನು ನಿನಗೆ ಅದನ್ನು ಬರೆಯಲಿಲ್ಲ. ಬರೆದರೆ ನೀನು ಬರುವುದಿಲ್ಲ ಅಂದುಕೊಂಡೆ.

ಅವರು ಕ್ಷಮಿಸಿದ್ದಾರೆ ಅಂತ ಸುಳ್ಳು ಹೇಳಿ ನಿನ್ನನ್ನು ಕರೆಸಿಕೊಳ್ಳುವುದಿಲ್ಲ. ಇವತ್ತೂ ಕಸ ತಳ್ಳಿದ್ದಾರೆ.

ಅಕ್ಕ


ಜೂನ್ 22

ತಮ್ಮಾ,

ಮೂರು ತಿಂಗಳಾಯಿತು. ಫೋನಿಗೂ ಬರುವುದಿಲ್ಲ. ಕೋಪದಲ್ಲಿ ಬರೆದೆ, ಆದರೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಬದುಕಿದ್ದೀಯ ಅಂತ ಒಂದು ಸಾಲು ಹಾಕು. ಅದನ್ನೂ ಹಾಕಲಾರೆಯಾದರೆ ಸಾಹೇಬರೇ, ನೀವಾದರೂ ಹಾಕಿ. ಫೆಬ್ರವರಿಯಲ್ಲಿ ನಿಮ್ಮನ್ನು ಅಂದದ್ದಕ್ಕೆ ಮನ್ನಿಸಿ.

ಅಕ್ಕ


ಸೆಪ್ಟೆಂಬರ್ 23

ಅಕ್ಕನಿಗೆ,

ಬದುಕಿದ್ದೇನೆ. ಬರೆಯಲು ಕೂತಾಗಲೆಲ್ಲ ನೆಪಗಳೇ ಬರುತ್ತಿದ್ದವು, ಹರಿದು ಹಾಕುತ್ತಿದ್ದೆ. ನೆಪವಿಲ್ಲದ ಪತ್ರ ಬರೆಯುವ ತನಕ ಬೇಡ ಅಂತ ಸುಮ್ಮನಿದ್ದೆ.

ಜುಲೈನಲ್ಲಿ ಟ್ಯಾಂಕಿನ ಅಷ್ಟೂ ಕಲ್ಲನ್ನು ಒಂದೊಂದಾಗಿ ಹೊರಗೆ ತೆಗೆದೆ. ಬಕೆಟ್ಟುಗಳಲ್ಲಿ ಇಡುತ್ತಾ ಹೋದೆ. ಕೊನೆಗೆ ಖಾಲಿ ಮರಳಿನ ಮೇಲೆ ಡ್ಯಾಮ್ಸೆಲ್ ಅಡಗಲು ಜಾಗವಿಲ್ಲದೆ ಓಡಾಡಿತು, ಹಿಡಿದು ಡಾಕ್ಟರಿಗೆ ಕೊಟ್ಟೆ. ಕಲ್ಲನ್ನು ಮತ್ತೆ ಜೋಡಿಸಿದ್ದು ನಾನಲ್ಲ. ಅಳತೆ ಹತ್ತುವುದಿಲ್ಲ ಅಂತ ನಾನು ದೂರಿದ್ದ ಕಾವಲಿನವರೇ ಜೋಡಿಸಿದರು, ನನಗಿಂತ ಚೆನ್ನಾಗಿ. ಎರಡು ತಿಂಗಳಿಂದ ನಾನು ಕೈ ಕಟ್ಟಿಕೊಂಡು ನಿಂತಿದ್ದೇನೆ. ಯಾವ ಮೀನಿಗೂ ಏನೂ ಆಗಿಲ್ಲ.

ಅರ್ಜಿ ತುಂಬಿದೆ. ಸಮಿತಿಯಲ್ಲಿ ಐದು ಜನ ಕೂತಿದ್ದರು. ಎಲ್ಲಿರುತ್ತೀ ಅಂತ ಕೇಳಿದರು. ಬೀದಿಯ ಹೆಸರು ಹೇಳಿದೆ. ಆ ಬೀದಿಯಲ್ಲಿ ಸತ್ತವರ ಮನೆಯವರು ಇದ್ದಾರಲ್ಲ, ಅಂದರು. ಎದುರು ಬಾಗಿಲೇ ಸಾರ್, ಅಂದೆ. ಒಬ್ಬರು ಕುರ್ಚಿ ತೋರಿಸಿದರು. ಕೂರಲಿಲ್ಲ.

ಅಕ್ಟೋಬರ್ ಆರಕ್ಕೆ ಬಿಡುತ್ತಾರೆ. ಏಳನೇ ತಾರೀಖಿನ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರಬೇಡ. ನನಗೆ ಭಯ ಈಗಲೂ ಅಷ್ಟೇ ಇದೆ, ಒಂದು ಚೂರೂ ಇಳಿದಿಲ್ಲ. ನಿನ್ನ ಮೆಟ್ಟಿಲು ಹತ್ತಿದರೆ ಮತ್ತೆ ಎದುರಿಗೆ ದಾಟಲಾರೆ, ಅದು ನನಗೆ ಗೊತ್ತು. ಅದಕ್ಕೇ ಮೊದಲು ಗಡಿಯಾರದಮ್ಮನ ಅಂಗಡಿಗೆ ಹೋಗುತ್ತೇನೆ. ಜೀವ ಇತ್ತಮ್ಮ, ಕೈ ಎತ್ತಿ ಕರೆದರು, ನಾನು ನೋಡಿಯೂ ನಿಲ್ಲಲಿಲ್ಲ, ಅಂತ ಹೇಳುತ್ತೇನೆ. ಅವರು ಹೋಗು ಅನ್ನುವ ತನಕ ಅಲ್ಲೇ ನಿಂತಿರುತ್ತೇನೆ, ಎಷ್ಟು ಹೊತ್ತಾದರೂ.

ನೀನು ಒಳಗಿನಿಂದ ನೋಡುತ್ತಿರು. ನನ್ನನ್ನು ಕರೆಯಬೇಡ.

ನಿನ್ನ ತಮ್ಮ